ಕನ್ನಡ ಗದ್ಯದಲ್ಲಿ ಗಂಡುನೋಟ, ಹೆಣ್ಣುನೋಟ

ಕಥೆ, ಕಾದಂಬರಿಗಳಲ್ಲಿ ಬದುಕನ್ನು ಯಾರ ಕಣ್ಣಿನಿಂದ ಕಾಣಿಸಲಾಗಿದೆ ಎಂಬ ಪ್ರಶ್ನೆಯನ್ನು ಕುರಿತ ವಿಮರ್ಶೆಯ ವಿಷಯ. ಬರೆದವರು ಗಂಡೋ ಹೆಣ್ಣೋ ಎಂಬುದರಿಂದಷ್ಟೇ ಇದು ತೀರ್ಮಾನವಾಗುವುದಿಲ್ಲ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ವಿಧವಾ ವಿವಾಹದ ಪರ ನಿಂತಿತು. ಸ್ವತಃ ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬಾ ಅವರ ‘ಸುಶೀಲೆ’ (1913) ಪತಿವ್ರತೆಯ ಆದರ್ಶವನ್ನೇ ಎತ್ತಿಹಿಡಿಯಿತು. ಮಾಸ್ತಿಯವರ ‘ವೆಂಕಟಿಗನ ಹೆಂಡತಿ’ಯಲ್ಲಿ ಗಂಡನ ಔದಾರ್ಯ ದೊಡ್ಡದು, ಆದರೆ ಹೆಂಡತಿಯ ಸಂಕಟ ನಮ್ಮನ್ನು ತಲುಪುವುದು ಗಂಡಸರ ಬಾಯಿಂದ.

ವ್ಯತ್ಯಾಸ ಎದ್ದುಕಾಣುವುದು ತೀರ್ಥಹಳ್ಳಿ ಸೀಮೆಯ ಇಬ್ಬರು ಲೇಖಕರಲ್ಲಿ. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಬಸುರಾದ ವಿಧವೆ ಯಮುನಕ್ಕನನ್ನು ವೇದಪಾಠಕ್ಕೆ ಬಂದ ಹುಡುಗನೊಬ್ಬ ನೋಡುತ್ತಾನೆ. ಅವನಿಗೆ ಅವಳ ಮೇಲೆ ಪ್ರೀತಿಯಿದೆ, ಭಯವೂ ಇದೆ. ಅವಳ ಒಳಗು ಅವನಿಗೆ ಎಟುಕದು. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದಲ್ಲೂ (1976) ತಲೆ ಬೋಳಿಸಿಕೊಳ್ಳಲೊಪ್ಪದ ದಾಕ್ಷಾಯಣಿ ಎಂಬ ಎಳೆಯ ವಿಧವೆ ಬಸುರಾಗುತ್ತಾಳೆ. ಅವಳ ಪರವಾಗಿ ಮಾತಾಡುವವಳು ಬಾಲ್ಯದಲ್ಲೇ ವಿಧವೆಯಾಗಿ, ಮಡಿಯಲ್ಲೇ ಮುಪ್ಪಾದ ಫಣಿಯಮ್ಮ. ತಾಯಿಯಿಂದ ಕೇಳಿದ್ದನ್ನು ಇಂದಿರಾ ಒಳಮನೆಯ ಮಾತಿನ ಧಾಟಿಯಲ್ಲೇ ಬರೆದರು. ಮೊದಲನೆಯದು ಕಲೆಗಾರಿಕೆಯಲ್ಲಿ ಬಿಗಿ. ಎರಡನೆಯದಕ್ಕೆ ಮಾತ್ರ ತಿಳಿದಿರುವ ಸಂಗತಿಗಳು ಹೆಚ್ಚು.

ತ್ರಿವೇಣಿ ಮನೋರೋಗವನ್ನು ರೋಗಿಯ ಕಡೆಯಿಂದ ಬರೆದರು. ಕಾಸರಗೋಡಿನ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ತಲಾಖಿಗೆ ಸಿಕ್ಕ ನಾದಿರಾಳನ್ನು ಚಿತ್ರಿಸಿದರು. ಅಡುಗೆಮನೆಯ ಹರಟೆಯನ್ನು ಕಥೆಯ ಕಟ್ಟಡವಾಗಿಸಿದವರು ವೈದೇಹಿ. ಸೋವಿಯತ್ ಒಕ್ಕೂಟ ಒಡೆದ ಕಾಲದ ರಷ್ಯನ್ ಗದ್ಯದಲ್ಲಿ ಲ್ಯುದ್ಮಿಲಾ ಪೆತ್ರುಶೆವ್‌ಸ್ಕಯಾ ಕೂಡ ಇಕ್ಕಟ್ಟಿನ ಮನೆ, ತಾಯಿ–ಮಗಳ ಜಗಳಗಳನ್ನೇ ಹಿಡಿದರು.

ಗಂಡು ಲೇಖಕರಲ್ಲಿ ಎಸ್.ಎಲ್. ಭೈರಪ್ಪ ವಿಚಿತ್ರ ಉದಾಹರಣೆ. ‘ಗೃಹಭಂಗ’ದ ನಂಜಮ್ಮನಷ್ಟು ಗಟ್ಟಿಯಾದ ಹೆಣ್ಣುಪಾತ್ರ ಕನ್ನಡದಲ್ಲಿ ಅಪರೂಪ, ಅವರದೇ ‘ಕವಲು’ (2010) ಸ್ತ್ರೀವಾದಿಗಳ ತೀವ್ರ ಆಕ್ಷೇಪಕ್ಕೆ ಗುರಿಯಾಯಿತು. ಲೇಖಕಿಯರ ಕಡೆಗೆ ಮರಳಿದರೆ, ಬಾನು ಮುಷ್ತಾಕ್ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿದೆ. ಅನುವಾದಕಿ ದೀಪಾ ಭಾಸ್ತಿ.