ವಂಶವೃಕ್ಷಕ್ಕೆ ಸಾಕ್ಷಿ ಯಾರು?

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯದೊಂದು ವಂಶಾವಳಿಯ ಪಟ್ಟಿ ಇದ್ದೀತು. ಮೂಲಪುರುಷನಿಂದ ಹಿಡಿದು ನಿಮ್ಮ ತಂದೆಯವರ ತನಕ ಹೆಸರುಗಳು ಇಳಿದು ಬಂದಿರುತ್ತವೆ. ಎರಡು ಹೆಸರುಗಳ ನಡುವಿನ ಗೆರೆಯ ಮೇಲೆ ಬೆರಳಿಟ್ಟು, ಇವರು ಅವರ ಮಗನೆಂದು ಹೇಳಿದವರು ಯಾರು ಎಂದು ಎಂದಾದರೂ ಕೇಳಿದ್ದೀರಾ? ಇತಿಹಾಸಕಾರನ ಕೆಲಸ ಆರಂಭವಾಗುವುದು ಆ ಪ್ರಶ್ನೆಯಿಂದಲೇ.

ಚಾಲುಕ್ಯರ ವಂಶವನ್ನೇ ನೋಡಿ. ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಬರೆದ ಶಾಸನವುಂಟು. ಜಯಸಿಂಹ, ಅವನ ಮಗ ರಣರಾಗ, ಅವನ ಮಗ ಮೊದಲನೆಯ ಪುಲಕೇಶಿ, ಅವನ ಮಗ ಕೀರ್ತಿವರ್ಮ, ಅವನ ಮಗ ಇಮ್ಮಡಿ ಪುಲಕೇಶಿ. ರವಿಕೀರ್ತಿ ಇಮ್ಮಡಿ ಪುಲಕೇಶಿಯ ಆಶ್ರಿತ. ಒಡೆಯನ ತಂದೆ ಯಾರೆಂಬುದಕ್ಕೆ ಅವನು ಹತ್ತಿರದ ಸಾಕ್ಷಿ. ಜಯಸಿಂಹನ ವಿಷಯದಲ್ಲಾದರೋ ಕೇಳಿದ್ದನ್ನು ಹೇಳಿದವನು. ಶಾಸನ ಒಂದೇ, ಗೆರೆಗಳ ಬಲ ಬೇರೆ ಬೇರೆ. ಮೊದಲನೆಯ ಪುಲಕೇಶಿ ಬಾದಾಮಿಯ ಕೋಟೆ ಕಟ್ಟಿಸಿದ 543ರ ಬಂಡೆಶಾಸನವೂ ದೊರೆತಿದೆ. ಅದು ಅರಸನಿಗೆ ಸಾಕ್ಷಿ, ಅವನ ತಂದೆಗೆ ಅಲ್ಲ.

ಇನ್ನು, ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕೌಠೇಮ್ ತಾಮ್ರಶಾಸನ. ಕಾಲ 1009ರ ಸುಮಾರು. ಈ ವಂಶದ 59 ಅರಸರು ಅಯೋಧ್ಯೆಯಲ್ಲಿ ಆಳಿದರೆಂದು ಅದು ಹೇಳುತ್ತದೆ. ಐಹೊಳೆಯ ಶಾಸನದಲ್ಲಿ ಆ ಮಾತೇ ಇಲ್ಲ. ಕಾಲ ಕಳೆದಂತೆ ವೃಕ್ಷದ ಬೇರು ಉದ್ದವಾಯಿತು! ಎಂಟನೆಯ ಶತಮಾನದ ನಡುವೆ ಬಾದಾಮಿಯ ರಾಜ್ಯ ರಾಷ್ಟ್ರಕೂಟರ ಪಾಲಾಯಿತು. 973ರಲ್ಲಿ ತೈಲಪ ಅದನ್ನು ಮರಳಿ ಪಡೆದ. ನಡುವಣ ಇನ್ನೂರು ವರ್ಷಗಳಿಗೂ ಇದೇ ತಾಮ್ರಪಟ ಸೇತುವೆ ಕಟ್ಟುತ್ತದೆ. ಆ ಸೇತುವೆಯನ್ನು ಭಂಡಾರಕರರಂಥ ವಿದ್ವಾಂಸರು ಸಂದೇಹಿಸಿದರು.

ಇವನ್ನೆಲ್ಲ ಒಂದೇ ಪಟ್ಟಿಯಾಗಿ ಬರೆದು, ಅಡಿಯಲ್ಲಿ 'ಆಧಾರ: ಶಾಸನಗಳು' ಎಂದರೆ ಏನಾಯಿತು? ಗಟ್ಟಿ ಗೆರೆ, ಸಂದೇಹದ ಗೆರೆ, ಕಥೆಯ ಗೆರೆ ಮೂರೂ ಒಂದೇ ಆದವು. ಆದುದರಿಂದ ಆಧಾರವನ್ನು ಪಟ್ಟಿಗಲ್ಲ, ಪ್ರತಿಯೊಂದು ಗೆರೆಗೂ ಬರೆಯತಕ್ಕದ್ದು: ಯಾವ ದಾಖಲೆ, ಎಷ್ಟನೆಯ ಸಾಲು, ಹೇಳಿದವರು ಯಾರು, ಘಟನೆಗೆ ಎಷ್ಟು ವರ್ಷ ದೂರ, ಮೂಲವೋ ನಕಲೋ. ಒಂದೇ ತಾಮ್ರಪಟವನ್ನು ನೋಡಿ ಬರೆದ ಹತ್ತು ಪುಸ್ತಕಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ.

ವಂಶಾವಳಿಯನ್ನು ಕಂಪ್ಯೂಟರಿನಲ್ಲಿಡಲು ಅಮೆರಿಕದ ಮಾರ್ಮನ್ ಪಂಥದವರು 1984ರಲ್ಲಿ ಹೊರತಂದ 'ಜೆಡ್‌ಕಾಮ್' ಎಂಬ ಕ್ರಮವೂ ಈ ದಾರಿಗೇ ಬಂದಿದೆ. ಅಲ್ಲಿ ಆಧಾರಗ್ರಂಥದ ವಿವರ ಒಂದು ಕಡೆ. ಪ್ರತಿ ಜನನ, ವಿವಾಹ, ಮರಣದ ಪಕ್ಕದಲ್ಲಿ ಅದರ ಪುಟ ಮತ್ತು ಸಾಕ್ಷ್ಯದ ಬಲವನ್ನು ಸೂಚಿಸುವ ಸೊನ್ನೆಯಿಂದ 3ರವರೆಗಿನ ಒಂದು ಅಂಕಿ.

ನಿಮಗೆ ಒಂದು ನೋಟುಬುಕ್ಕು ಸಾಕು. 'ಅಜ್ಜಿ ಹೇಳಿದ್ದು, ಇಂಥ ದಿನ. ಅವರು ತಮ್ಮ ಅತ್ತೆಯಿಂದ ಕೇಳಿದ್ದು' ಎಂದು ಹೆಸರಿನ ಪಕ್ಕದಲ್ಲಿ ಬರೆಯಿರಿ. ಇಬ್ಬರು ಹಿರಿಯರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ, ಒಂದನ್ನು ಅಳಿಸಬೇಡಿ. ಐಹೊಳೆಯ ಕಲ್ಲು ಸಾವಿರದ ಮುನ್ನೂರು ವರ್ಷ ದಾಟಿಯೂ ನಮಗೆ ಉತ್ತರ ಕೊಡುತ್ತಿದೆ. ಅಜ್ಜಿ ಅಷ್ಟು ಕಾಲ ಕಾಯುವವರಲ್ಲ. ಈ ಸಂಜೆಯೇ ಕೇಳಿ.