ಅಮೆರಿಕದ ಕೃಷಿ ಸಹಾಯಧನ: ಕೌಂಟಿಯೇ ಅಳತೆಗೋಲು

ಅಮೆರಿಕದ ರೈತರಿಗೆ ಸಲ್ಲುವ ಸಹಾಯಧನದ ಹಣ ಕೇಂದ್ರದ ಬೊಕ್ಕಸದಿಂದ ಬಂದರೂ ಅದರ ಲೆಕ್ಕಾಚಾರ ಬಹುಮಟ್ಟಿಗೆ ಕೌಂಟಿಯನ್ನು ಅವಲಂಬಿಸಿದೆ. ಕೌಂಟಿ ಎಂದರೆ ರಾಜ್ಯದ ಕೆಳಗಿನ ಆಡಳಿತ ಘಟಕ; ಸ್ಥೂಲವಾಗಿ ನಮ್ಮ ಜಿಲ್ಲೆಗೆ ಹೋಲಿಸಬಹುದು. ಐಯೋವಾ, ಕಾನ್ಸಾಸ್‌ಗಳಂತಹ ರಾಜ್ಯಗಳ ಗ್ರಾಮೀಣ ಕೌಂಟಿಗಳಲ್ಲಿ ಯಾರಿಗೆ ಎಷ್ಟು ಹಣ ದೊರೆಯುತ್ತದೆ ಎಂಬುದು ಬೆಳೆದವನ ಶ್ರಮಕ್ಕಿಂತ ಭೂಮಿಯ ಹಳೆಯ ದಾಖಲೆ ಮತ್ತು ಕೌಂಟಿಯ ಸರಾಸರಿಯ ಮೇಲೆ ನಿಂತಿದೆ.

ಹಿನ್ನೆಲೆ

ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಧಾನ್ಯದ ಬೆಲೆ ನೆಲಕಚ್ಚಿದಾಗ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸರ್ಕಾರ 1933ರಲ್ಲಿ ಕೃಷಿ ಹೊಂದಾಣಿಕೆ ಕಾಯ್ದೆಯನ್ನು ಜಾರಿಗೊಳಿಸಿತು. ಬಿತ್ತನೆ ಕಡಿಮೆ ಮಾಡಿದವರಿಗೆ ಹಣ ನೀಡುವುದು ಅದರ ತಿರುಳು. 1936ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಿಂಧುಗೊಳಿಸಿತಾದರೂ 1938ರ ಹೊಸ ಕಾಯ್ದೆಯ ಮೂಲಕ ನೆರವು ಮುಂದುವರಿಯಿತು. 1996ರ ಕಾಯ್ದೆ ಆ ವರ್ಷದ ಬಿತ್ತನೆಗೂ ಪಾವತಿಗೂ ಇದ್ದ ನಂಟನ್ನು ಬಹುಪಾಲು ಕಡಿದುಹಾಕಿತು. ಬೆಲೆ ಏರಲಿ, ಇಳಿಯಲಿ ದೊರೆಯುತ್ತಿದ್ದ ನೇರ ಪಾವತಿ ತೀವ್ರ ಟೀಕೆಗೆ ಗುರಿಯಾಗಿ, 2014ರ ಕಾಯ್ದೆಯಿಂದ ರದ್ದಾಯಿತು.

ಲೆಕ್ಕಾಚಾರ ಹೇಗೆ?

2014ರಿಂದ ಎರಡು ಯೋಜನೆಗಳು ಪ್ರಮುಖವಾಗಿವೆ. ಮೊದಲನೆಯದರಲ್ಲಿ ಮಾರುಕಟ್ಟೆ ಬೆಲೆಯು ನಿಗದಿತ ಆಧಾರ ಬೆಲೆಗಿಂತ ಕುಸಿದರೆ ವ್ಯತ್ಯಾಸವನ್ನು ತುಂಬಿಕೊಡಲಾಗುತ್ತದೆ. ಎರಡನೆಯದರಲ್ಲಿ ಕೌಂಟಿಯ ಸರಾಸರಿ ಇಳುವರಿ ಮತ್ತು ರಾಷ್ಟ್ರೀಯ ಬೆಲೆಯಿಂದ ಎಕರೆವಾರು ಆದಾಯವನ್ನು ಲೆಕ್ಕಹಾಕಿ, ಅದು ಖಾತರಿ ಮಟ್ಟಕ್ಕಿಂತ ಇಳಿದಾಗ ಮಾತ್ರ ಹಣ ನೀಡಲಾಗುತ್ತದೆ. ಹೀಗಾಗಿ ಆಲಿಕಲ್ಲು ಬಿದ್ದು ಒಬ್ಬನ ಮೆಕ್ಕೆಜೋಳ ನಾಶವಾದರೂ ಕೌಂಟಿಯ ಉಳಿದೆಡೆ ಬೆಳೆ ಚೆನ್ನಾಗಿದ್ದರೆ ಈ ಬಾಬ್ತಿನಲ್ಲಿ ಅವನಿಗೆ ಏನೂ ದೊರೆಯದಿರಬಹುದು. ಸ್ವಂತ ಹೊಲದ ನಷ್ಟಕ್ಕೆ ಅವನು ಬೆಳೆ ವಿಮೆಯನ್ನು ನೆಚ್ಚಬೇಕು.

ಪಾವತಿ ದೊರೆಯುವುದು 'ಮೂಲ ಎಕರೆ'ಗಳ ಶೇ 85ರಷ್ಟಕ್ಕೆ. ಹಿಂದಿನ ವರ್ಷಗಳ ಬಿತ್ತನೆಯ ಆಧಾರದ ಮೇಲೆ ದಾಖಲಾದ ವಿಸ್ತೀರ್ಣವಿದು. ಗೋಧಿಯ ಮೂಲ ಎಕರೆಯಲ್ಲಿ ಈಗ ಸೋಯಾಬೀನ್ ಬೆಳೆದರೂ ಗೋಧಿಯ ಲೆಕ್ಕದಲ್ಲೇ ಹಣ ಬರುತ್ತದೆ. ಸುಗ್ಗಿಯ ಮರುವರ್ಷದ ಅಕ್ಟೋಬರ್ ನಂತರವೇ ಅದು ಕೈಸೇರುವುದರಿಂದ ಸಾಲದ ಕಂತಿಗೆ ಒದಗುವುದು ದುಸ್ತರ. ನಗದು ಗೇಣಿಗೆ ಭೂಮಿ ಪಡೆದವನಿಗೇ ಪಾವತಿ ಸಲ್ಲುತ್ತದೆಯಾದರೂ ಗೇಣಿ ದರ ಏರಿದಾಗ ಅದರ ಒಂದು ಪಾಲು ಭೂಮಾಲೀಕನಿಗೇ ಸೇರುತ್ತದೆ.

ನೆರೆಹೊರೆಯ ತಾರತಮ್ಯ

ಚೀನಾದೊಂದಿಗಿನ ವಾಣಿಜ್ಯ ಸಮರದಿಂದಾದ ನಷ್ಟಕ್ಕೆ 2018 ಮತ್ತು 2019ರ ಬೆಳೆಗಳಿಗಾಗಿ ಸುಮಾರು 2,300 ಕೋಟಿ ಡಾಲರ್ ವಿತರಿಸಲಾಯಿತು. 2019ರಲ್ಲಿ ಪ್ರಮುಖ ಬೆಳೆಗಳಿಗೆ ಪ್ರತಿ ಕೌಂಟಿಗೂ ಪ್ರತ್ಯೇಕ ದರ ನಿಗದಿಯಾಗಿದ್ದು, ಅದು ಎಕರೆಗೆ 15ರಿಂದ 150 ಡಾಲರ್‌ವರೆಗೆ ಇತ್ತು. ಗಡಿಯ ಎರಡು ಬದಿಯಲ್ಲಿ ಅದೇ ಬೆಳೆ ಬೆಳೆದವರಿಗೂ ಬೇರೆ ಬೇರೆ ಮೊತ್ತ ದೊರೆಯಿತು.

ಸಮಿತಿ ಮತ್ತು ವಿವಾದ

ಕೃಷಿ ಇಲಾಖೆಯ ಸ್ಥಳೀಯ ಕಚೇರಿಯ ಕೆಲಸಕ್ಕೆ ರೈತರೇ ಚುನಾಯಿಸಿದ ಕೌಂಟಿ ಸಮಿತಿಯ ಉಸ್ತುವಾರಿಯಿದೆ. ಊರಿನ ಸ್ಥಿತಿಗತಿ ಬಲ್ಲವರೇ ತೀರ್ಮಾನಿಸಲಿ ಎಂಬುದು ಇದರ ಆಶಯ. ಆದರೆ ಸಾಲ ಮತ್ತು ನೆರವಿನಲ್ಲಿ ತಮಗೆ ಜನಾಂಗೀಯ ಪಕ್ಷಪಾತ ಎಸಗಲಾಗಿದೆ ಎಂದು ಕಪ್ಪು ರೈತರು 1997ರಲ್ಲಿ ಹೂಡಿದ 'ಪಿಗ್‌ಫೋರ್ಡ್' ದಾವೆ 1999ರಲ್ಲಿ ರಾಜಿಯಲ್ಲಿ ಇತ್ಯರ್ಥವಾಗಿ, ಸರ್ಕಾರ ನೂರು ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ತೆರಬೇಕಾಯಿತು. ತಡವಾಗಿ ಅರ್ಜಿ ಸಲ್ಲಿಸಿದವರ ಹಕ್ಕಿಗಾಗಿ 2010ರಲ್ಲಿ ಮತ್ತೆ 125 ಕೋಟಿ ಡಾಲರ್‌ಗಳ ಒಪ್ಪಂದವಾಯಿತು.

ಇತ್ತೀಚಿನ ಬದಲಾವಣೆ

2025ರ ಕಾಯ್ದೆ ಮೆಕ್ಕೆಜೋಳದ ಆಧಾರ ಬೆಲೆಯನ್ನು ಬುಷೆಲ್‌ಗೆ 3.70 ಡಾಲರ್‌ನಿಂದ 4.10ಕ್ಕೂ, ಗೋಧಿಯದನ್ನು 5.50ರಿಂದ 6.35ಕ್ಕೂ ಏರಿಸಿತು. ಒಬ್ಬರಿಗೆ ವರ್ಷಕ್ಕಿದ್ದ 1,25,000 ಡಾಲರ್ ಮಿತಿ 1,55,000ಕ್ಕೆ ಹೆಚ್ಚಿತು. ಮೂರು ಕೋಟಿವರೆಗೆ ಹೊಸ ಮೂಲ ಎಕರೆಗಳನ್ನು ಸೇರಿಸಲೂ ಅವಕಾಶವಾಯಿತು. ಮೊತ್ತ ಹಿಗ್ಗಿದೆ; ಭೂದಾಖಲೆ ಮತ್ತು ಕೌಂಟಿ ಸರಾಸರಿಯನ್ನು ಆಧರಿಸಿದ ಪದ್ಧತಿ ಮಾತ್ರ ಹಾಗೆಯೇ ಉಳಿದಿದೆ.