ಐ20 ಅಥವಾ ಐ20 ಎನ್ ಲೈನ್: ಕಂಫರ್ಟ್ ಬೇಕೋ, ಸ್ಪೋರ್ಟ್ ಬೇಕೋ? ಖರೀದಿಗೂ ಮುನ್ನ ಈ ವ್ಯತ್ಯಾಸ ತಿಳಿಯಿರಿ

ಯಾವ ಕಾರು ಎಂಬುದು ಸಾಮಾನ್ಯವಾಗಿ ಮನೆಯಲ್ಲೇ ತೀರ್ಮಾನವಾಗಿರುತ್ತದೆ. ಯಾವ ಆವೃತ್ತಿ ಎಂಬ ಗೊಂದಲ ಶುರುವಾಗುವುದು ಶೋರೂಮ್‌ಗೆ ಹೋದ ಮೇಲೆ. ಒಂದೇ ಹ್ಯಾಚ್‌ಬ್ಯಾಕ್ ಸಾಮಾನ್ಯ ರೂಪದಲ್ಲೂ ಇರುತ್ತದೆ, ಕೆಂಪು ಗೆರೆ ಮತ್ತು ಜೋಡಿ ಸೈಲೆನ್ಸರ್ ಇರುವ ಸ್ಪೋರ್ಟ್ ರೂಪದಲ್ಲೂ ಇರುತ್ತದೆ. ಸಾಲ ಮಾಡಿ ಕೊಂಡ ಕಾರು ಮನೆಯವರಿಗೆ ಹಿಡಿಸದಿದ್ದರೆ, ಐದಾರು ವರ್ಷ ಇಎಂಐ ಕಟ್ಟುತ್ತಲೇ ಅದನ್ನು ಸಹಿಸಿಕೊಳ್ಳಬೇಕಾಗುತ್ತದೆ.

ಈ ವ್ಯತ್ಯಾಸವನ್ನು ಅರ್ಥ ಮಾಡಿಕೊಳ್ಳಲು ಹ್ಯುಂಡೈ ಐ20 ಒಳ್ಳೆಯ ಉದಾಹರಣೆ. ಇದರ ಸ್ಪೋರ್ಟ್ ರೂಪವಾದ ಐ20 ಎನ್ ಲೈನ್ ಭಾರತಕ್ಕೆ ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಎರಡೂ ತಯಾರಾಗುವುದು ಚೆನ್ನೈ ಸಮೀಪದ ಶ್ರೀಪೆರಂಬದೂರಿನ ಕಾರ್ಖಾನೆಯಲ್ಲಿ.

ಹೆಸರು ನೋಡಿ ಮರುಳಾಗಬೇಡಿ

ಸಾಮಾನ್ಯ ಐ20ಯಲ್ಲಿ 'ಸ್ಪೋರ್ಟ್ಸ್' ಎಂಬ ಹೆಸರಿನದೇ ಒಂದು ಆವೃತ್ತಿ ಇದೆ. ಆದರೆ ಅದರ ಎಂಜಿನ್, ಸಸ್ಪೆನ್ಷನ್ ಎರಡೂ ಉಳಿದ ಸಾಮಾನ್ಯ ಆವೃತ್ತಿಗಳದ್ದೇ. ಹೆಚ್ಚಿನ ಹಣ ಹೋಗುವುದು ಫೀಚರ್‌ಗಳಿಗೆ. ಎನ್ ಲೈನ್ ಹಾಗಲ್ಲ. ಅದರಲ್ಲಿ ಸಸ್ಪೆನ್ಷನ್ ಬಿಗಿ ಮಾಡಲಾಗಿದೆ, ಸ್ಟೀರಿಂಗ್‌ಗೆ ತೂಕ ಕೊಡಲಾಗಿದೆ, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದೆ. ಸೈಲೆನ್ಸರ್‌ನ ಸದ್ದೂ ಬೇರೆ.

ಹಾಗೆಂದು ಇದು ಪೂರ್ಣ ಪ್ರಮಾಣದ ಸ್ಪೋರ್ಟ್ಸ್ ಕಾರೂ ಅಲ್ಲ. ಯುರೋಪ್‌ನಲ್ಲಿ ಮಾರಾಟವಾದ 'ಐ20 ಎನ್' ಕಾರಿನಲ್ಲಿ 204 ಪಿಎಸ್ ಶಕ್ತಿಯ 1.6 ಲೀಟರ್ ಟರ್ಬೊ ಎಂಜಿನ್ ಇತ್ತು. ನಮ್ಮಲ್ಲಿನ ಎನ್ ಲೈನ್ ಅದಕ್ಕಿಂತ ಕೆಳಗಿನ ಹಂತದ್ದು.

ಎಂಜಿನ್‌ನಲ್ಲಿ ಏನು ವ್ಯತ್ಯಾಸ?

2023ರ ಸೆಪ್ಟೆಂಬರ್‌ನಲ್ಲಿ ಐ20 ಹೊಸ ರೂಪ ಪಡೆದಾಗ ಟರ್ಬೊ ಎಂಜಿನ್ ಎನ್ ಲೈನ್‌ಗೆ ಮಾತ್ರ ಉಳಿಯಿತು. ಸಾಮಾನ್ಯ ಐ20ಯಲ್ಲಿರುವುದು 1.2 ಲೀಟರ್ ಪೆಟ್ರೋಲ್ ಎಂಜಿನ್. ಮ್ಯಾನುವಲ್‌ನಲ್ಲಿ 83 ಪಿಎಸ್, ಐವಿಟಿ ಆಟೊಮ್ಯಾಟಿಕ್‌ನಲ್ಲಿ 88 ಪಿಎಸ್, ಟಾರ್ಕ್ ಸುಮಾರು 115 ಎನ್‌ಎಂ. ಎನ್ ಲೈನ್‌ನ 1.0 ಲೀಟರ್ ಟರ್ಬೊ ಕೊಡುವುದು 120 ಪಿಎಸ್ ಮತ್ತು 172 ಎನ್‌ಎಂ.

ಇಲ್ಲಿ ಗಮನಿಸಬೇಕಾದ ಅಂಶ ಟಾರ್ಕ್. ಟರ್ಬೊದಲ್ಲಿ ಅದು 1,500 ಆರ್‌ಪಿಎಂನಲ್ಲೇ ಪೂರ್ತಿ ಸಿಗುತ್ತದೆ. 1.2 ಎಂಜಿನ್‌ನಲ್ಲಿ ಗರಿಷ್ಠ ಟಾರ್ಕ್ ಸಿಗಬೇಕಾದರೆ 4,200 ಆರ್‌ಪಿಎಂ ಮುಟ್ಟಬೇಕು. ಐದು ಜನ ಕುಳಿತು ಖಂಡಾಲಾ ಘಾಟ್ ಹತ್ತುವಾಗ, ಮುಂದಿರುವ ಲಾರಿಯನ್ನು ಹಿಂದಿಕ್ಕುವಾಗ ಈ ಅಂತರ ಚೆನ್ನಾಗಿ ಅರಿವಾಗುತ್ತದೆ. ನಗರದೊಳಗೆ 30-40 ಕಿ.ಮೀ. ವೇಗದಲ್ಲಿ ಹೋಗುವವರಿಗೆ 1.2 ಎಂಜಿನ್ ಸಾಕು. ಟರ್ಬೊವನ್ನು ಜೋರಾಗಿ ಓಡಿಸಿದರೆ ಪೆಟ್ರೋಲ್ ಖರ್ಚು ಏರುವುದೂ ಖಚಿತ.

ಆಟೊಮ್ಯಾಟಿಕ್ ಬೇಕಿದ್ದವರು ಇನ್ನೊಂದು ವಿಷಯ ನೋಡಬೇಕು. ಎನ್ ಲೈನ್‌ನಲ್ಲಿರುವುದು 7 ಸ್ಪೀಡ್ ಡ್ಯುಯಲ್ ಕ್ಲಚ್. ಹೆದ್ದಾರಿಯಲ್ಲಿ ಇದು ಚುರುಕು. ಆದರೆ ತೆವಳುವ ಟ್ರಾಫಿಕ್‌ನಲ್ಲಿ ಕ್ಲಚ್ ಮತ್ತೆ ಮತ್ತೆ ಉಜ್ಜಿ ಬಿಸಿಯಾಗುತ್ತದೆ. ಮುಂಬೈ, ಹೈದರಾಬಾದ್‌ನ ಜಾಮ್‌ಗಳಲ್ಲೇ ದಿನ ಕಳೆಯುವವರಿಗೆ ಐವಿಟಿ ಹೆಚ್ಚು ಹಿತ.

ಹಿಂದಿನ ಸೀಟಿನಲ್ಲಿ ಕುಳಿತು ನೋಡಿ

ಬಿಗಿ ಸಸ್ಪೆನ್ಷನ್‌ನಿಂದ ಕಾರು ತಿರುವಿನಲ್ಲಿ ಹೆಚ್ಚು ವಾಲುವುದಿಲ್ಲ. ಓಡಿಸುವವರಿಗೆ ಖುಷಿ. ಗುಂಡಿ, ಹಂಪ್ ಬಂದಾಗ ಅದೇ ಬಿಗಿತ ಹಿಂದೆ ಕುಳಿತವರ ಸೊಂಟಕ್ಕೆ ತಾಗುತ್ತದೆ. ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋದರೆ ಇದು ಗೊತ್ತಾಗುವುದೇ ಇಲ್ಲ.

ಹಾಗಾಗಿ ಮನೆಯ ಹಿರಿಯರನ್ನೂ ಕರೆದೊಯ್ಯಿರಿ. ಎರಡೂ ಕಾರುಗಳನ್ನು ಒಂದೇ ಹದಗೆಟ್ಟ ರಸ್ತೆಯಲ್ಲಿ ಓಡಿಸಿ, ಸ್ವಲ್ಪ ದೂರ ನೀವೂ ಹಿಂದೆ ಕುಳಿತುಕೊಳ್ಳಿ. ಹೊರಡುವ ಮುನ್ನ ಟೈರ್‌ನ ಗಾಳಿ ಕಂಪನಿ ಸೂಚಿಸಿದಷ್ಟೇ ಇದೆಯೇ ಎಂದು ಪರೀಕ್ಷಿಸಿ. ಗಾಳಿ ಹೆಚ್ಚಿದ್ದರೆ ಮೆತ್ತಗಿನ ಕಾರೂ ಗಡುಸೆನಿಸುತ್ತದೆ.

ತೆರಿಗೆ, ವಿಮೆ ಎಷ್ಟು?

ಎರಡರ ಉದ್ದವೂ 3,995 ಮಿ.ಮೀ., ಎಂಜಿನ್ 1,200 ಸಿಸಿಯೊಳಗೆ. ಆದ್ದರಿಂದ 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಶೇ 18ರ ಜಿಎಸ್‌ಟಿ ಎರಡಕ್ಕೂ ಅನ್ವಯ.

ವಿಮೆಯಲ್ಲಿ ಒಂದು ಅಚ್ಚರಿ ಇದೆ. ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿಯಾಗುವುದು ಸಿಸಿ ಮೇಲೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ ಹೊಸ ಕಾರಿನ ಮೂರು ವರ್ಷದ ಮೊತ್ತ 1,000 ಸಿಸಿವರೆಗೆ 6,521 ರೂ., ಅದಕ್ಕಿಂತ ಮೇಲೆ 1,500 ಸಿಸಿವರೆಗೆ 10,640 ರೂ. ಎನ್ ಲೈನ್ ಎಂಜಿನ್ 998 ಸಿಸಿ ಆಗಿರುವುದರಿಂದ, ಹೆಚ್ಚು ಶಕ್ತಿಯ ಕಾರಿಗೇ ಇಲ್ಲಿ ಕಡಿಮೆ ಪ್ರೀಮಿಯಂ. ಆದರೆ ಸ್ವಂತ ಹಾನಿ ವಿಮೆಗೆ ಕಾರಿನ ಬೆಲೆಯೂ ಲೆಕ್ಕಕ್ಕೆ ಬರುವುದರಿಂದ ಈ ಉಳಿತಾಯ ಅಲ್ಲಿ ಕರಗಬಹುದು.

ಮುಂದೆ ಮಾರುವಾಗ

ಸಣ್ಣ ಕಾರುಗಳ ಸ್ಪೋರ್ಟ್ ಆವೃತ್ತಿಗಳು ನಮ್ಮಲ್ಲಿ ಹೆಚ್ಚು ಕಾಲ ಉಳಿಯುವುದು ಅಪರೂಪ. ಮಾರುತಿಯ ಬಲೆನೊ ಆರ್‌ಎಸ್ 2017ರಲ್ಲಿ ಬಂದು 2020ರಲ್ಲಿ ನಿಂತಿತು. 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ ತಂದ ಫೋಕ್ಸ್‌ವ್ಯಾಗನ್, 2022ರಲ್ಲಿ ಪೋಲೊ ಕಾರನ್ನೇ ನಿಲ್ಲಿಸಿತು. ಇಂಥ ಕಾರು ಇಷ್ಟಪಡುವವರು ಈಗಲೂ ಹುಡುಕಿಕೊಂಡು ಬಂದು ಕೊಳ್ಳುತ್ತಾರೆ, ಆದರೆ ಅಂಥವರ ಸಂಖ್ಯೆ ಕಡಿಮೆ. ಬಂಪರ್‌ನಂಥ ಪ್ರತ್ಯೇಕ ಬಿಡಿಭಾಗಗಳು ನಿಮ್ಮೂರಿನ ಸರ್ವಿಸ್ ಸೆಂಟರ್‌ನಲ್ಲಿ ಎಷ್ಟು ದಿನಕ್ಕೆ ಸಿಗುತ್ತವೆ ಎಂದು ಬುಕಿಂಗ್‌ಗೂ ಮೊದಲೇ ಕೇಳಿ.

ಯಾರಿಗೆ ಯಾವುದು?

* ದಿನವೂ ನಗರದ ಟ್ರಾಫಿಕ್, ಹಿಂದಿನ ಸೀಟಿನಲ್ಲಿ ಹಿರಿಯರು: ಸಾಮಾನ್ಯ ಐ20.
* ವಾರಾಂತ್ಯಕ್ಕೆ ಹೆದ್ದಾರಿ, ಹೆಚ್ಚಾಗಿ ಒಬ್ಬರು ಅಥವಾ ಇಬ್ಬರೇ ಪ್ರಯಾಣ, ಓಡಿಸುವುದೇ ಖುಷಿ: ಎನ್ ಲೈನ್.
* ಕೆಂಪು ಗೆರೆ, ಕಪ್ಪು ಒಳಾಂಗಣ ಮಾತ್ರ ಇಷ್ಟವಾಗಿದ್ದರೆ: ಸಾಮಾನ್ಯ ಐ20 ಕೊಂಡು ಸೀಟ್ ಕವರ್, ಸ್ಟಿಕ್ಕರ್ ಹಾಕಿಸಿ.
* ಸುರಕ್ಷತೆಯೇ ಮುಖ್ಯವಾದರೆ: ಹೊಸ ರೂಪದ ಎರಡರಲ್ಲೂ ಆರು ಏರ್‌ಬ್ಯಾಗ್‌ಗಳಿವೆ. ಹಿಂದಿನ ಡಿಸ್ಕ್ ಬ್ರೇಕ್ ಎನ್ ಲೈನ್‌ನ ಹೆಚ್ಚುವರಿ ಲಾಭ.

ಅಂದವನ್ನು ಆಮೇಲೂ ಹೆಚ್ಚಿಸಿಕೊಳ್ಳಬಹುದು. ಸಸ್ಪೆನ್ಷನ್, ಎಂಜಿನ್ ಬದಲಿಸಲು ಹೊರಟರೆ ವಾರಂಟಿಗೇ ಕುತ್ತು. ಆದ್ದರಿಂದ ಆಮೇಲೆ ಬದಲಿಸಲಾಗದ್ದನ್ನು ನೋಡಿಯೇ ಆವೃತ್ತಿ ನಿರ್ಧರಿಸಿ.